ಎರಡು ಶಟರಿನ ಶೆಡ್

ಸುಶಾಂತನ ಕೆಲಸ ಹೋದ ವಾರ ನಮ್ಮ ಮನೆಯಲ್ಲಿ ರೊಟ್ಟಿ ಮಿಕ್ಕಿತು. ಮೂರು ಉಣ್ಣುವವನು ಒಂದಕ್ಕೇ ಕೈ ತೊಳೆಯುತ್ತಿದ್ದ. ಏರ್‌ಪೋರ್ಟ್ ಹತ್ತಿರದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದ. ಗೋದಾಮಿನವರು ಅಂಗಡಿ ಕಿತ್ತುಕೊಂಡು ಬೇರೆ ಊರಿಗೆ ಹೋದರು. ಕೈಯಲ್ಲಿ ಒಂದಿಷ್ಟು ದುಡ್ಡು ಇಟ್ಟು ಇವನನ್ನು ಇಲ್ಲೇ ಬಿಟ್ಟರು.

ಅವನು ನನ್ನ ಸಣ್ಣ ಮಗ. ದೊಡ್ಡವನು ನಿತೀಶ, ಅಕ್ಸ್‌ಬ್ರಿಡ್ಜ್‌ನಲ್ಲಿ ಕಂಪ್ಯೂಟರ್ ಆಫೀಸು. ಹೇಸ್‌ನ ಈ ಸಾಲುಮನೆಯಲ್ಲಿ, ಇಂಗ್ಲಿಷರ ದೇಶದಲ್ಲಿದ್ದರೂ, ಎಲ್ಲರೂ ಒಟ್ಟಿಗೇ ಇದ್ದೆವು. ನಡುವಿನ ಮಹಡಿಯಲ್ಲಿ ನಿತೀಶ, ಅವನ ಹೆಂಡತಿ ಭುವನೇಶ್ವರಿ, ಮಗಳು ಸಾನ್ವಿ. ಅಟ್ಟದ ಕೋಣೆಯಲ್ಲಿ ಸುಶಾಂತ ಮತ್ತು ಅವನ ಹೆಂಡತಿ ಬೃಂದಾ, ಬೆಂಗಳೂರಿನ ಹುಡುಗಿ. ಕೆಳಗೆ ಬೀದಿಯ ಕಡೆಯ ಕೋಣೆ ನನಗೂ ನಮ್ಮ ಮನೆಯವರಿಗೂ. ಒಲೆ ಒಂದೇ. ನಾನು ಶಾಲೆ ಕಂಡದ್ದು ಎರಡನೇ ಇಯತ್ತೆಯವರೆಗೆ. ನನಗೆ ತಿಳಿದದ್ದು ಇಷ್ಟೇ: ಇಬ್ಬರು ಮಕ್ಕಳೂ ಒಂದೇ ಒಲೆಯದು ಉಣ್ಣುವ ತನಕ ಮನೆ ಮನೆಯಾಗಿರುತ್ತದೆ. ಅದೊಂದು ಉಳಿದರೆ ಉಳಿದದ್ದೆಲ್ಲ ನಡೆಯುತ್ತದೆ.

ಒಂದು ಸಂಜೆ ಝುಣಕ ಬಡಿಸುತ್ತಿದ್ದೆ. ಸುಶಾಂತ ತಟ್ಟೆಯನ್ನು ಮುಂದೆ ಸರಿಸಿದ.

"ಇನ್ನೊಬ್ಬರ ಕೈ ಕೆಳಗ ಸಾಕಾತು. ನಂದ ಏನರ ತೆರೀತೀನಿ. ಆಟ ಆಡೂ ಜಾಗ, ಒಳಗ. ಇಲ್ಲಿ ವರ್ಷದಾಗ ಅರ್ಧಕ್ಕಿಂತ ಹೆಚ್ಚ ದಿನ ಹೊರಗ ಆಡಾಕ ಆಗಂಗಿಲ್ಲ. ಹುಡುಗೂರನ್ನ ಎಲ್ಲಿ ಕರ್ಕೊಂಡ ಹೋಗಬೇಕಂತ ತಾಯಿ-ತಂದಿಗೆ ತಿಳಿಯಂಗಿಲ್ಲ."

ನಿತೀಶ ತಲೆ ಎತ್ತಿದ. "ನಾನೂ ಇದನ್ನ ವಿಚಾರ ಮಾಡ್ಲಿಕ್ಕತ್ತಿದ್ದೆ. ಕೂಡಿ ತೆರಿಯೂಣು. ಅರ್ಧ ನಾ ಹಾಕ್ತೀನಿ."

ಆ ಮಾತು ಕೇಳಿ ನನಗೆ ಹೊಟ್ಟೆ ತಂಪಾಯಿತು. ಸುಶಾಂತ ಎರಡನೇ ರೊಟ್ಟಿಗೆ ಕೈ ಹಾಕಿದ.

"ಕ್ರಿಕೆಟ್ ನೆಟ್ ಹಾಕೂಣು," ಎಂದ ನಿತೀಶ. ರವಿವಾರ ಬಂದರೆ ಬಿಳಿ ಪ್ಯಾಂಟು ಹಾಕಿಕೊಂಡು ಹೋಗುವವನು. "ಮಳಿ ಬಂದ್ರ ನಮ್ಮ ಟೀಮ್ ಸುಮ್ಮನ ಮನ್ಯಾಗ ಕೂಡ್ತದ. ನಮ್ಮಂಥಾ ಟೀಮ್ ಎಷ್ಟ ಅದಾವ ಇಲ್ಲೆ."

"ನಾ ಅಂದಿದ್ದು ಟ್ರ್ಯಾಂಪೊಲಿನ್, ಅಣ್ಣಾ."

"ಅದೇನದು?" ಎಂದರು ನಮ್ಮ ಮನೆಯವರು.

ಸಾನ್ವಿ ಫೋನಿನಲ್ಲಿ ತೋರಿಸಿದಳು. ನೆಲಕ್ಕೆಲ್ಲ ಬಿಗಿಯಾಗಿ ಬಟ್ಟೆ ಕಟ್ಟಿದ್ದಾರೆ, ಮಕ್ಕಳು ಅದರ ಮೇಲೆ ಹಾರುತ್ತಿದ್ದಾರೆ, ಬೀಳುತ್ತಿದ್ದಾರೆ, ಮತ್ತೆ ಹಾರುತ್ತಿದ್ದಾರೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ನಮ್ಮೂರಾಗ ಹುಡುಗೂರು ಹಾಸಿಗಿ ಮ್ಯಾಲ ಹಾರಿದ್ರ ಬಡಿಗಿ ತಗೊಂತಿದ್ದೆವು. ಇಲ್ಲೆ ಹಾರಸಾಕ ತಿಕೀಟು."

ಎಲ್ಲರೂ ನಕ್ಕರು. ಆ ದಿನ ಒಂದು ರೊಟ್ಟಿಯೂ ಉಳಿಯಲಿಲ್ಲ.

ಆಮೇಲೆ ಪ್ರತಿ ರವಿವಾರ ನೋಡಲು ಹೊರಡುವುದೇ ಆಯಿತು. ಯಾವುದು ತೆರೆಯಬೇಕೆಂದು ಗೊತ್ತಾಗಬೇಕಾದರೆ ಎಲ್ಲವನ್ನೂ ನೋಡಬೇಕು ಎಂದ ನಿತೀಶ. ಬೌಲಿಂಗ್ ಜಾಗಕ್ಕೆ ಹೋದೆವು. ಅಲ್ಲಿ ನಮ್ಮ ಚಪ್ಪಲಿ ಇಸಿದುಕೊಂಡು ಬೇರೆ ಯಾರೋ ಹಾಕಿದ ಬೂಟು ಕೊಟ್ಟರು. ಗೋಡೆ ಹತ್ತುವ ಜಾಗ, ಬ್ಯಾಡ್ಮಿಂಟನ್ ಜಾಗ, ಕತ್ತಲೆಯಲ್ಲಿ ಹೊಳೆಯುವ ಚೆಂಡಿನ ಗಾಲ್ಫ್, ಒಂದೂ ಬಿಡಲಿಲ್ಲ. ಹಲಗೆಗೆ ಗುರಿಯಿಟ್ಟು ಕೊಡಲಿ ಒಗೆಯುವ ಜಾಗವೂ ಒಂದಿತ್ತು. ನಮ್ಮ ಮನೆಯವರಿಗೆ ಒಗೆಯಲು ಕೊಟ್ಟರು. ಮೊದಲ ಏಟಿಗೇ ಹಲಗೆಯ ನಡುವೆ ನೆಟ್ಟಿತು. ಅಲ್ಲಿಯ ಹುಡುಗಿ ಚಪ್ಪಾಳೆ ತಟ್ಟಿದಳು.

"ಕೇಳ ಸಾನ್ವಿ," ಎಂದರು. "ದಿನಾ ಇಷ್ಟ ಕಡೀತಾರಲ್ಲ, ಕಟಗಿ ಯಾರಿಗೆ ಕೊಡ್ತಾರಂತ."

"ಅಜ್ಜಾ, ಪ್ಲೀಸ್," ಎಂದಳು ಅವಳು. ಆ ಹುಡುಗಿಗೆ ಅದನ್ನು ಇಂಗ್ಲಿಷಿನಲ್ಲಿ ಕೇಳಲಿಲ್ಲ.

ಟ್ರ್ಯಾಂಪೊಲಿನ್ ಜಾಗಗಳಲ್ಲಿ ಒಳಗೆ ಕಾಲಿಡಬೇಕಾದರೆ ಅವರದೇ ಕಾಲುಚೀಲ ಕೊಳ್ಳಬೇಕು. ಅಡಿಯಲ್ಲಿ ಜಾರದ ಹಾಗೆ ರಬ್ಬರಿನ ಚುಕ್ಕಿಗಳಿರುತ್ತವೆ. ಕುರ್ಚಿಯಲ್ಲಿ ಕುಳಿತುಕೊಳ್ಳುವ ಮುದುಕಿಗೂ ಬಿಡಲಿಲ್ಲ. ನಾಲ್ಕು ಕಡೆ ಹೋದಮೇಲೆ ನಮ್ಮ ಕೋಣೆಯ ಡ್ರಾವರು ಆ ಕಾಲುಚೀಲದಿಂದಲೇ ತುಂಬಿತು. ಅಡುಗೆಮನೆಯ ನೆಲ ನೀರು ಬಿದ್ದರೆ ಜಾರುತ್ತದೆ, ನಾನು ಅವನ್ನೇ ಹಾಕಿಕೊಂಡು ಓಡಾಡತೊಡಗಿದೆ. ಅಷ್ಟು ರವಿವಾರಗಳಿಂದ ನನಗೆ ಸಿಕ್ಕ ಲಾಭ ಅದು.

ನೋಡಿದಷ್ಟೂ ಇಬ್ಬರೂ ತಮ್ಮ ತಮ್ಮ ಮಾತಿಗೇ ಗಟ್ಟಿಯಾದರು. ಮನೆಗೆ ಬಂದು ಊಟಕ್ಕೆ ಕುಳಿತರೆ ಅದೇ.

"ಒಂದ ಕ್ಲಾಸಿನ ಹುಡುಗೂರೆಲ್ಲ ಒಂದ ಬರ್ತ್‌ಡೇಕ್ಕ ಬರ್ತಾರ. ಒಂದ ಶನಿವಾರಕ್ಕ ಎಷ್ಟ ಬರ್ತ್‌ಡೇ ಆಗ್ತಾವ, ವಿಚಾರ ಮಾಡು," ಅನ್ನುವನು ಸುಶಾಂತ.

"ಒಬ್ಬ ಹುಡುಗ ಕಾಲ ಮುರಕೊಂಡ್ರ ಆತಲ್ಲ, ಬಾಗಲಾ ಹಾಕೂದ," ಅನ್ನುವನು ನಿತೀಶ.

"ನಿನ್ನ ಚೆಂಡ ಬಡದ್ರ ತಲಿ ಒಡೆಯಂಗಿಲ್ಲೇನ?"

"ಹೆಲ್ಮೆಟ್ ಇರ್ತದೋ."

ಭುವನೇಶ್ವರಿ ಜಿಪಿ ಎನ್ನುವ ಓಣಿಯ ಸಣ್ಣ ಆಸ್ಪತ್ರೆಯಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕುಳಿತುಕೊಳ್ಳುವವಳು. ಇಡೀ ದಿನ ಬೇರೆಯವರ ಗೋಳು ಕೇಳಿ ಮನೆಗೆ ಬಂದರೆ ಇದು. "ಕ್ರಿಕೆಟ್ ಅಂದ್ರ ನನಗೂ ಆಗಿ ಬರಂಗಿಲ್ಲರಿ ಅತ್ತಿ," ಎಂದಳು ಪಾತ್ರೆ ತಿಕ್ಕುತ್ತ. "ಆದ್ರ ಇವರ ದುಡಿಮಿ ಹೋಗೂದಿದ್ರ ಇವರ ಆಸೆಗೇ ಹೋಗ್ಲಿ. ಮೈದುನನ ಆಸೆಗ್ಯಾಕ?"

ಬೃಂದಾ ಹೇಳಿದ್ದು ಬೇರೆ. ನಾನೊಬ್ಬಳೇ ಇದ್ದಾಗ ಅಡುಗೆಮನೆಗೆ ಬಂದಳು. "ಅತ್ತೆ, ಟ್ರ್ಯಾಂಪೊಲಿನ್ ಆಗ್ಲಿ, ಕ್ರಿಕೆಟ್ ಆಗ್ಲಿ, ನಂಗೆ ಎರಡೂ ಒಂದೇ. ಆದ್ರೆ ಯಾವ್ದಾದ್ರೂ ಒಂದು ಮಾಡ್ಲಿ. ನೀವು ಹೇಳಿ ಇವರಿಗೆ."

"ನನ್ನ ಮಾತ ಯಾರ ಕೇಳ್ತಾರವಾ."

"ನೀವು ಹೇಳೋದೇ ಇಲ್ವಲ್ಲ ಅತ್ತೆ."

ಒಬ್ಬನ ಪರವಾಗಿ ಬಾಯಿ ತೆರೆದರೆ ಇನ್ನೊಬ್ಬನ ತಾಯಿ ಅಲ್ಲದಂತಾಗುತ್ತದೆ.

ಒಂದು ಸಂಜೆ ಮಾತಿಗೆ ಮಾತು ಬೆಳೆದು ಸುಶಾಂತ ತಟ್ಟೆ ಎತ್ತಿಕೊಂಡು ಅಟ್ಟಕ್ಕೆ ಹೋದ. ಮರುದಿನವೂ ಹೋದ. ತಟ್ಟೆ ಮೆಟ್ಟಿಲು ಹತ್ತುವುದನ್ನು ಒಲೆಯ ಹತ್ತಿರ ನಿಂತು ನೋಡಿದೆ. ಮೊದಲು ತಟ್ಟೆ ಹೋಗುತ್ತದೆ, ಆಮೇಲೆ ಪಾತ್ರೆ, ಆಮೇಲೆ ಒಲೆ. ನಾನು ಹುಟ್ಟಿದ ಮನೆಯಲ್ಲಿ ನೋಡಿದ್ದೇನೆ.

"ನೀವರ ಏನರ ಮಾಡ್ರಿ," ಎಂದೆ ನಮ್ಮ ಮನೆಯವರಿಗೆ. "ಹಿಂಗ ಬಿಟ್ರ ಮನಿ ಒಡೀತದ."

"ಒಡಿಯಾಕ ಬಿಡಂಗಿಲ್ಲ," ಎಂದರು.

ಅವರು ಏನು ಮಾಡುತ್ತಾರೆಂದು ನನಗೆ ಆಗಲೇ ತಿಳಿಯಬೇಕಿತ್ತು. ವಿಜಯಪುರದ ಕಡೆ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವುದಿದ್ದರೆ ಮುರಿಗೆಪ್ಪಣ್ಣನನ್ನು ಕರೆಸಿ ಎಂದು ಇವರ ಹೆಸರನ್ನೇ ಹೇಳುತ್ತಿದ್ದರು. ಹಗ್ಗ ಹಿಡಿದು ಹೊಲ ಅಳೆದರೆ ಒಂದು ಗೇಣು ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ದೊಡ್ಡವನ ಮುಂದೆ ಪಾಲು ಮಾಡಬೇಕು, ಸಣ್ಣವನು ಮೊದಲು ಆರಿಸಬೇಕು. ಅದು ಅವರ ಕಾಯಿದೆ. ನನ್ನ ತವರಿನ ಪಾಲನ್ನೂ ಅವರೇ ಮಾಡಿದರು. ಹೊಲ, ಎತ್ತು, ತೊಲೆ, ಬಾಗಿಲು, ಎಲ್ಲ ಸಮ. ಕೊನೆಗೆ ಬೀಸುಕಲ್ಲು ಉಳಿಯಿತು. ಮೇಲಿನ ಕಲ್ಲು ನನ್ನ ಸಣ್ಣ ಅಣ್ಣನಿಗೆ, ಕೆಳಗಿನದು ದೊಡ್ಡವನಿಗೆ. ಎಷ್ಟು ನ್ಯಾಯ ಎಂದು ಊರು ಹೊಗಳಿತು. ಎರಡೂ ಮನೆಯ ಅಂಗಳದಲ್ಲಿ ಒಂದೊಂದು ಕಲ್ಲು ಬಿದ್ದಿತ್ತು. ಎರಡೂ ಮನೆಯವರು ಗಿರಣಿಗೆ ಹೋಗುತ್ತಿದ್ದರು.

ಏಜೆಂಟ್ ತೋರಿಸಿದ ಶೆಡ್ ಕಾಲುವೆಯ ಹತ್ತಿರ, ಗೋದಾಮುಗಳ ಸಾಲಿನಲ್ಲಿತ್ತು. ಮೊದಲು ಟೈಲ್ಸ್ ಇಡುತ್ತಿದ್ದರಂತೆ. ಶೆಡ್ಡಿನ ಉದ್ದನೆಯ ಮಗ್ಗುಲು ಬೀದಿಯ ಕಡೆಗೆ, ಅದರಲ್ಲೇ ಎರಡು ದೊಡ್ಡ ಶಟರ್. ನಮ್ಮ ಮನೆಯವರು ಅದನ್ನು ನೋಡಿದ ಕೂಡಲೇ ನಿಂತುಬಿಟ್ಟರು.

"ಇಬ್ಬರಿಗೂ ಒಂದೊಂದ ಬಾಗಲಾ," ಎಂದರು. "ದೇವರ ಮಾಡಿಟ್ಟಾನ. ಜಗಳ ಯಾಕ? ಒಂದ ಕಡೆ ಹಾರಲಿ, ಒಂದ ಕಡೆ ಆಡಲಿ."

ನಿತೀಶನೂ ಸುಶಾಂತನೂ ಒಬ್ಬರ ಮುಖ ಒಬ್ಬರು ನೋಡಿದರು. ವಾರಗಟ್ಟಲೆ ಜಗಳಾಡಿ ಇಬ್ಬರಿಗೂ ಸಾಕಾಗಿತ್ತು. ಹಗ್ಗ ಇರಲಿಲ್ಲ, ಕಾರಿನಲ್ಲಿದ್ದ ಬಟ್ಟೆ ಒಣಹಾಕುವ ದಾರ ತಂದರು. ಒಂದು ತುದಿ ನಿತೀಶ ಹಿಡಿದ, ಇನ್ನೊಂದು ತುದಿ ಅವರಪ್ಪ. ಎಂಬತ್ತು ದಾಟಿದವರು ಮೊಣಕಾಲೂರಿ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಬಹಳ ದಿನದಿಂದ ಅವರ ಮುಖದಲ್ಲಿ ಆ ಕಳೆ ಕಂಡಿರಲಿಲ್ಲ.

"ಸಣ್ಣವ ಮೊದಲ," ಎಂದರು.

ಸುಶಾಂತ ಸಂಡಾಸ ಇದ್ದ ಕಡೆಯನ್ನು ಆರಿಸಿದ. ಮಕ್ಕಳಿಗೆ ಬೇಕಾಗುತ್ತದೆ ಎಂದ. ನಿತೀಶನಿಗೆ ಆಫೀಸು ಕೋಣೆಯ ಕಡೆ ಬಂತು.

ಸಾನ್ವಿ ಒಂದು ಗೋಡೆಯಿಂದ ಗೆರೆಯ ತನಕ ನಡೆದು ಹೋದಳು, ತಿರುಗಿ ಬಂದಳು. "ಅಜ್ಜಾ, ಇಟ್ಸ್ ಟೂ ಶಾರ್ಟ್. ಬೌಲರ್ ಓಡಿ ಬರೋಕೆ ಜಾಗನೇ ಇಲ್ಲ."

"ಓಡೂದ್ಯಾಕ? ನಿಂತ ಒಗೀಲಿ."

"ಮಷೀನ್ ಇಡ್ತೀನಿ, ಪುಟ್ಟಾ," ಎಂದ ನಿತೀಶ. "ಮಷೀನ್ ಓಡಂಗಿಲ್ಲ."

ಬೃಂದಾ ಶಟರ್ ಹತ್ತಿರ ಒಬ್ಬಳೇ ನಿಂತಿದ್ದಳು. ನನ್ನ ಕಡೆ ಒಮ್ಮೆ ನೋಡಿದಳು. ನಾನು ನೆಲ ನೋಡಿದೆ. ಆ ಸಂಜೆ ಸುಶಾಂತನ ತಟ್ಟೆ ಅಟ್ಟದಿಂದ ಇಳಿದು ಬಂದಿತ್ತು. ಅದು ಬಂತಲ್ಲ, ನನಗೆ ಅಷ್ಟೇ ಸಾಕಾಗಿತ್ತು.

ಕೌನ್ಸಿಲ್ಲಿನವರ ಒಪ್ಪಿಗೆ ಬರಲು ಚಳಿಗಾಲವೆಲ್ಲ ಹಿಡಿಯಿತು. ಬೇಸಿಗೆ ಮೊದಲಾಗುವಾಗ ತೆರೆದರು. ತೆಂಗಿನಕಾಯಿ ಯಾರ ಬಾಗಿಲಲ್ಲಿ ಒಡೆಯಬೇಕು ಎಂಬ ಪ್ರಶ್ನೆ ಬಂದಾಗ ನಮ್ಮ ಮನೆಯವರು ಎರಡು ಶಟರಿನ ನಡುವಿನ ಕಂಬಕ್ಕೆ ಒಡೆದರು. ಒಳಗೆ ಎಲ್ಲವೂ ಎರಡೆರಡು. ಎರಡು ಕೌಂಟರು, ಎರಡು ಬೋರ್ಡು, ಚಹಾಕ್ಕೆ ಎರಡು ಕೆಟಲು. ಗೆರೆ ಇದ್ದಲ್ಲಿ ಹಲಗೆಯ ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಬಾಗಿಲು.

ಮೊದಲ ವಾರಗಳಲ್ಲಿ ಬಂದವರು ನಮ್ಮವರೇ. ಹೌನ್ಸ್ಲೋದಿಂದ, ಸ್ಲೌದಿಂದ ಕನ್ನಡದವರು ಬಂದು, ಚೆನ್ನಾಗಿದೆ ಎಂದು ಹೇಳಿ, ಫೋಟೋ ತೆಗೆದುಕೊಂಡು ಹೋದರು. ಎರಡನೇ ಸಲ ಬಂದವರು ಕಡಿಮೆ. ಬರ್ತ್‌ಡೇ ಕೇಳಲು ಬಂದ ತಾಯಂದಿರು ಒಳಗೆ ನೋಡಿ, ಇಡೀ ಕ್ಲಾಸು ಇಲ್ಲಿ ಹಿಡಿಸುವುದಿಲ್ಲವಲ್ಲ ಎನ್ನುತ್ತಿದ್ದರು. ನಿತೀಶನ ಟೀಮಿನ ನರಸಿಂಹಮೂರ್ತಿ ಎರಡು ಸಲ ಬಂದ. ಮೂರನೇ ಸಲ ಕರೆದಾಗ ಅಂದ: "ಮಷೀನ್ ಜೊತೆ ಎಷ್ಟು ಅಂತ ಆಡೋದು ಮಾರಾಯಾ. ನಮ್ಮ ಬೌಲರ್‌ಗಳು ಹೊರಗೆ ರೋಡಲ್ಲಿ ಓಡಿ ಬರಬೇಕಾ?"

ನಿತೀಶ ಆಫೀಸು ಬಿಟ್ಟಿರಲಿಲ್ಲ. ಸಂಜೆಗೆ, ಶನಿವಾರ ರವಿವಾರಕ್ಕೆ ಹೋಗುತ್ತಿದ್ದ.

"ಹಗಲೆಲ್ಲ ಎರಡೂ ಕಡೆ ನಾನ ಕಾಯೂದು," ಎಂದ ಸುಶಾಂತ ಮೆಂತೆ ಪಲ್ಯ ಕಲಸುತ್ತ. "ಅಣ್ಣ ಬಂದು ಲೈಟ್ ಹಚ್ಚಿ ಮಾಲಕ ಆಗ್ತಾನ."

"ನನ್ನ ಪಗಾರ ಇಲ್ಲಂದ್ರ ಈ ತಟ್ಯಾಗ ಪಲ್ಯ ಇರತಿದ್ದಿಲ್ಲ," ಎಂದ ನಿತೀಶ.

ಸುಶಾಂತ ಕೈ ತೊಳೆದುಕೊಂಡ. ಬೃಂದಾಳೂ ಎದ್ದಳು. ಮರುದಿನ ಫ್ರಿಜ್ಜಿನಲ್ಲಿ ಹಾಲಿನ ಡಬ್ಬಿ ಎರಡಾಗಿದ್ದವು. ಒಂದರ ಮೇಲೆ ಏನೋ ಬರೆದ ಚೀಟಿ. ಇಂಗ್ಲಿಷು ನನಗೆ ಓದಲು ಬರುವುದಿಲ್ಲ, ಚಹಾ ಮಾಡುವಾಗ ಯಾವುದನ್ನು ಮುಟ್ಟಬೇಕೆಂದು ತಿಳಿಯದೆ ಕೈ ನಿಂತಿತು. ಅಂದು ಎರಡರಿಂದಲೂ ಅರ್ಧರ್ಧ ಹಾಕಿದೆ.

ಎಲ್ಲಕ್ಕೂ ಮುಗಿವು ತಂದದ್ದು ಆ ಸಂಡಾಸ. ಒಂದು ಶನಿವಾರ ಸುಶಾಂತನ ಕಡೆ ಒಂದು ಬರ್ತ್‌ಡೇ ಇತ್ತು. ನಾನೂ ನಮ್ಮ ಮನೆಯವರೂ ಹೋಗಿ ಮೂಲೆಯಲ್ಲಿ ಕುಳಿತಿದ್ದೆವು. ಸಣ್ಣ ಸಣ್ಣ ಹುಡುಗಿಯರು ಹಾರುತ್ತಿದ್ದರು. ಕಾಲಿಗೆ ಪ್ಯಾಡು ಕಟ್ಟಿದ ಒಬ್ಬ ಎತ್ತರದ ಗಂಡಸು ಹಲಗೆಯ ಬಾಗಿಲಿನಿಂದ ಬಂದು, ಮಕ್ಕಳ ನಡುವೆಯೇ ನಡೆದು ಸಂಡಾಸಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದ. ಬರ್ತ್‌ಡೇ ಹುಡುಗಿಯ ತಾಯಿ ಎದ್ದು ಸುಶಾಂತನ ಹತ್ತಿರ ಹೋದಳು. ದನಿ ಏರಿಸಲಿಲ್ಲ. ಅವಳು ಮಾತಾಡಿ ಮುಗಿಸುವಷ್ಟರಲ್ಲಿ ಉಳಿದ ತಾಯಂದಿರು ಮಕ್ಕಳಿಗೆ ಬೂಟು ಹಾಕಿಸುತ್ತಿದ್ದರು. ಸುಶಾಂತ ಹೋಗಿ ಹಲಗೆಯ ಬಾಗಿಲಿಗೆ ಚಿಲಕ ಹಾಕಿದ.

ಆಚೆ ಕಡೆಯಿಂದ ನಿತೀಶ ಬಡಿದ. ಸುಶಾಂತ ತೆಗೆಯಲಿಲ್ಲ. ಅವನು ಹೊರಗಿನಿಂದ ಸುತ್ತಿ ಬಂದ.

"ನನ್ನ ಗಿರಾಕಿ ಸಂಡಾಸಕ್ಕ ಪೆಟ್ರೋಲ್ ಬಂಕಿಗೆ ಹೋಗಬೇಕೇನೋ?"

"ಸಣ್ಣ ಹುಡುಗೂರ ನಡುವ ಗುರ್ತಿಲ್ಲದ ಗಂಡಸರನ್ನ ಬಿಡಾಕ ಬರಂಗಿಲ್ಲ ಅಣ್ಣಾ. ನಿನ್ನ ಮಗಳಿದ್ರ ನೀ ಬಿಡತಿದ್ದೇನ?"

"ಹಂಗಂದ್ರ ಈ ಕಡೆ ಯಾಕ ಆರಿಸಿದಿ?"

"ಅಪ್ಪ ಮೊದಲ ನನಗ ಕೇಳಿದ್ರು. ಆರಿಸಿದೆ."

ಇಬ್ಬರೂ ಅವರಪ್ಪನ ಕಡೆ ತಿರುಗಿದರು. ಅವರು ಕುರ್ಚಿಯ ಮೇಲೆ ನೆಟ್ಟಗೆ ಕುಳಿತಿದ್ದರು.

"ಪಾಲ ಸಮ ಅದ," ಎಂದರು. "ಬೇಕಾದ್ರ ಮತ್ತ ಅಳೀರಿ."

ಯಾರೂ ಅಳೆಯಲಿಲ್ಲ.

ಆ ವಾರದಿಂದ ಭುವನೇಶ್ವರಿ ಆಸ್ಪತ್ರೆಯಿಂದ ಬೇಗ ಬಂದು ತನ್ನವರಿಗೆ ಮೊದಲು ಬಡಿಸುತ್ತಿದ್ದಳು. ಬೃಂದಾ ಹೊರಗಿನಿಂದ ಅಟ್ಟಕ್ಕೇ ಊಟ ತರಿಸುತ್ತಿದ್ದಳು. ನಾನು ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ. ರೊಟ್ಟಿ ಬಡಿಯುವ ಸದ್ದು ಕೇಳಿದರೆ ಗೋಡೆ ತಟ್ಟುವ ಪಕ್ಕದ ಮನೆಯ ಮುದುಕಿಯೂ ತಟ್ಟುವುದನ್ನು ಬಿಡಲಿಲ್ಲ. ಬಡಿದವು ಡಬ್ಬಿಯಲ್ಲಿ ಹಾಗೇ ಉಳಿದು ಹಪ್ಪಳದಂತಾಗುತ್ತಿದ್ದವು.

ಕೊನೆಗೆ ಒಂದು ರವಿವಾರ ನಿತೀಶನೇ ಎಲ್ಲರನ್ನೂ ಕೂಡಿಸಿದ. ಎಣ್ಣೆಗಾಯಿ ಮಾಡು ಅವ್ವಾ ಎಂದಿದ್ದ. ಎಲ್ಲರೂ ಮೇಜಿನ ಸುತ್ತ ಕುಳಿತರು. ನಾನು ಒಲೆಯ ಹತ್ತಿರ ನಿಂತು ಬಿಸಿ ಬಿಸಿಯಾಗಿ ಕೊಡುತ್ತಿದ್ದೆ.

"ಶೆಡ್ ಅರ್ಧರ್ಧ ನಡಿಯಂಗಿಲ್ಲ," ಎಂದ. "ಪೂರಾ ಒಬ್ಬರ ಕೈಗೆ ಹೋಗಬೇಕು. ನಾ ಪಾಲ ಹೇಳ್ತೀನಿ. ಒಂದ ಶೆಡ್, ಒಂದ ಈ ಮನಿ. ಸುಶಾ, ನೀ ಆರಿಸು."

ಸುಶಾಂತ ಬೃಂದಾಳ ಮುಖ ನೋಡಿದ. ಅವರು ಆಗಲೇ ಮಾತಾಡಿಕೊಂಡಿರಬೇಕು. "ಶೆಡ್," ಎಂದ. "ಹಲಗಿ ಕಿತ್ತು ಪೂರಾ ಟ್ರ್ಯಾಂಪೊಲಿನ್ ಹಾಕ್ತೀನಿ. ಹೌನ್ಸ್ಲೋದಾಗ ಒಂದ ಫ್ಲ್ಯಾಟ್ ನೋಡೇವಿ."

"ನೆಟ್ ನೀನ ಇಟ್ಕೊ. ಹುಡುಗೂರು ಕೆಳಗ ಬೀಳದಂಗ ಕಟ್ಟಾಕ ಬರ್ತದ," ಎಂದ ನಿತೀಶ.

ಸುಶಾಂತ ನಕ್ಕ. ನಿತೀಶನೂ ನಕ್ಕ. ಎಷ್ಟು ವಾರಗಳ ಮೇಲೆ ಅಣ್ಣತಮ್ಮಂದಿರು ಕೂಡಿ ನಕ್ಕರು. ಭುವನೇಶ್ವರಿ ಎದ್ದು ಬೃಂದಾಳಿಗೆ ತಾನೇ ಮೊಸರು ಹಾಕಿದಳು. ಮನೆ ಒಡೆಯುವಾಗ ಎಲ್ಲರ ಮುಖವೂ ಹಗುರಾಗಿತ್ತು. ನಾನು ತವೆಯ ಕಡೆ ತಿರುಗಿದೆ.

"ಇನ್ನ ಉಳಿದದ್ದು?" ಎಂದರು ನಮ್ಮ ಮನೆಯವರು.

"ಏನ ಉಳೀತಪ್ಪಾ?"

"ನಾವಿಬ್ಬರು."

ಮೇಲೆ ಒಂದು ವಿಮಾನ ಹೋಯಿತು, ಅದು ಹೋಗುವ ತನಕ ಎಲ್ಲರೂ ಕಾದರು.

"ಮಾವ, ಅದನ್ನೆಲ್ಲ ಪಾಲು ಅಂತ ಯಾಕೆ ಅಂತೀರಿ," ಎಂದಳು ಬೃಂದಾ. "ನೀವು ಎಲ್ಲಿ ಬೇಕಾದ್ರೂ ಇರಬಹುದು. ಆ ಫ್ಲ್ಯಾಟಲ್ಲಿ ಎರಡನೇ ರೂಮು ಚಿಕ್ಕದು, ಅಷ್ಟೇ. ಒಂದೇ ಮಂಚ ಹಿಡಿಯತ್ತೆ."

"ಪಾಲ ಅಂದ ಮ್ಯಾಲ ಎಲ್ಲಾನೂ ಪಾಲ," ಎಂದರು ಅವರು. "ನಾಳೆ ಒಬ್ಬವ, ಇಬ್ಬರದೂ ನನ್ನ ಮ್ಯಾಲ ಬಿತ್ತು ಅನ್ನಬಾರದು. ಇನ್ನೊಬ್ಬವ, ಅವ್ವನ್ನ ಇವನ ಇಟ್ಕೊಂಡ ಅನ್ನಬಾರದು."

ಇಬ್ಬರೂ ಇಲ್ಲೇ ಇರಲಿ ಎಂದು ಯಾರಾದರೂ ಅಂದಾರೆಂದು ನಾನು ಕಾದೆ. ನಿತೀಶ ಬದನೆಕಾಯಿಯ ತೊಟ್ಟು ಬಿಡಿಸುತ್ತಿದ್ದ. ಅವನು ಹಾಗೆ ಅಂದರೆ ತಾಯಿಯ ಕೈ ಊಟ ಅವನೇ ಇಟ್ಟುಕೊಂಡಂತೆ. ಸುಶಾಂತ ಅಂದರೆ ಭಾರ ಅಣ್ಣನ ಮೇಲೆ ಹಾಕಿದಂತೆ. ಈಗ ತಾನೇ ನಕ್ಕಿದ್ದರು. ಅದನ್ನು ಕೆಡಿಸಲು ಇಬ್ಬರಿಗೂ ಮನಸ್ಸಿರಲಿಲ್ಲ.

"ಸಣ್ಣವ ಮೊದಲ," ಎಂದರು ನಮ್ಮ ಮನೆಯವರು.

ಸುಶಾಂತ ಅವರನ್ನು ನೋಡಿದ, ನನ್ನನ್ನು ನೋಡಿದ.

"ಅವ್ವ," ಎಂದ.

ಬೇಡ ಅನ್ನಲು ಬಾಯಿ ತೆರೆದೆ. ಯಾರಿಗೆ ಬೇಡ ಅನ್ನಲಿ? ಎಲ್ಲರ ಮುಂದೆ ಆ ಮಗನಿಗೆ, ನಿನ್ನ ಮನೆಗೆ ಬರುವುದಿಲ್ಲ ಎನ್ನಲೇ? ತವೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಅದನ್ನು ತಿರುವಿ ಹಾಕಿದೆ.

"ಇಟ್ಸ್ ಜಸ್ಟ್ ಒನ್ ಬಸ್, ಆಯಿ," ಎಂದಳು ಸಾನ್ವಿ. ಅವಳ ಕಣ್ಣು ಮಾತ್ರ ತಟ್ಟೆ ಬಿಟ್ಟು ಏಳಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ನಮ್ಮ ಕೋಣೆಯಲ್ಲಿ ಅವರು ನೆಲದ ಮೇಲೆ ಎರಡು ಚೀಲ ಇಟ್ಟುಕೊಂಡು ಕುಳಿತಿದ್ದರು. ಟವೆಲು, ಹೊದಿಕೆ, ಲೋಟ, ವಿಭೂತಿ ಗಟ್ಟಿ, ನೋವಿನ ಮುಲಾಮು. ಒಂದು ಈ ಕಡೆ, ಒಂದು ಆ ಕಡೆ. ವಿಭೂತಿ ಗಟ್ಟಿಯನ್ನು ಚಾಕುವಿನಿಂದ ನಡುವೆ ಕತ್ತರಿಸಿದರು. ನಾನು ಮಂಚದ ಮೇಲೆ ಕುಳಿತು ನೋಡುತ್ತಿದ್ದೆ.

ಕೊನೆಗೆ ಡ್ರಾವರು ಎಳೆದರು. ರಬ್ಬರಿನ ಚುಕ್ಕಿಯ ಕಾಲುಚೀಲಗಳನ್ನು ಜೋಡಿ ಜೋಡಿಯಾಗಿ ಹಾಸಿಗೆಯ ಮೇಲೆ ಹರಡಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಒಂದು ಜೋಡಿ ಹೆಚ್ಚಿಗೆ ಬಂತು.

ಆ ಜೋಡಿಯನ್ನು ಕೈಯಲ್ಲಿ ಹಿಡಿದು ಬಿಡಿಸಿದರು. ಒಂದು ಕಾಲಿನದು ಒಂದು ಚೀಲದ ಹತ್ತಿರ ಒಯ್ದರು, ಇನ್ನೊಂದು ಕಾಲಿನದು ಇನ್ನೊಂದರ ಹತ್ತಿರ. ಮತ್ತೆ ಎರಡನ್ನೂ ಕೂಡಿಸಿ ಮಡಚಿದರು.

"ಆ ಮನಿ ನೆಲಾನೂ ಜಾರೂದ ಇರಬೇಕು," ಎಂದರು. ಜೋಡಿಯನ್ನು ನನ್ನ ಚೀಲದಲ್ಲಿಟ್ಟು, ಜಿಪ್ ಎಳೆದರು.

ಅವರು ಮಾಡಿದ ಪಾಲುಗಳಲ್ಲಿ ಸಮ ಆಗದ್ದು ನಾನು ಕಂಡದ್ದು ಅದೊಂದೇ.